ಎಪ್ಪತ್ತರ ದಶಕದ ಜರ್ಮನ್ ಬ್ಯಾಂಡ್‌ಗಳು: ಎಲ್ಲಿಂದ ಕೇಳೋಕೆ ಶುರು ಮಾಡಲಿ?

ತುರುವೇಕೆರೆ_ಬೇಸ್

ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಕೆಲಸ, ಬಿಡುವಿನಲ್ಲಿ ಬೇಸ್ ಗಿಟಾರ್. ನಮ್ಮದು ನಾಲ್ಕು ಜನರ ಬ್ಯಾಂಡ್, ಶುರುವಾಗಿ ಮೂರು ವರ್ಷ ಆಯಿತು. ಹೋದ ತಿಂಗಳು ನಮ್ಮ ಡ್ರಮ್ಮರ್ ಒಂದು ಹಾಡು ಕಳಿಸಿದ. ಕ್ಯಾನ್ ಅನ್ನುವ ಜರ್ಮನ್ ಬ್ಯಾಂಡಿನದು, ಹೆಸರು 'ಹಾಲೆಲುವಾ'. ಹದಿನೆಂಟು ನಿಮಿಷ! ಊರಿಗೆ ಹೋಗುವಾಗ ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿ ಕಿವಿಗೆ ಹಾಕಿಕೊಂಡೆ. ದಾಬಸ್‌ಪೇಟೆ ಬರುವಷ್ಟರಲ್ಲಿ ಮೂರು ಸಲ ಕೇಳಿದ್ದೆ. ಬೇಸ್ ಹೆಚ್ಚುಕಡಿಮೆ ಒಂದೇ ಸಾಲು ಹಿಡಿದು ಹೋಗುತ್ತದೆ. ಡ್ರಮ್ಸ್ ಕೂಡ ಹಾಗೇ. ಆದರೂ ಒಂದು ಕ್ಷಣವೂ ಬೇಜಾರಾಗಲಿಲ್ಲ.

ನಾವು ವಾರಕ್ಕೊಮ್ಮೆ ಜ್ಯಾಮ್ ರೂಮ್ ಬಾಡಿಗೆಗೆ ತಗೊಳ್ಳುತ್ತೇವೆ. ಗಂಟೆ ಲೆಕ್ಕ. ಎರಡು ಗಂಟೆಯಲ್ಲಿ ಅರ್ಧ ಗಂಟೆ ವೈರ್ ಚುಚ್ಚೋದಕ್ಕೇ ಹೋಗುತ್ತದೆ. ಒಂದು ಲಯ ಹಿಡಿದು ನಾಲ್ಕೂ ಜನ ಒಂದಾದೆವು ಅನ್ನುವಷ್ಟರಲ್ಲಿ ಬಾಗಿಲು ತಟ್ಟುತ್ತಾರೆ, ಮುಂದಿನ ಬ್ಯಾಂಡ್ ಹೊರಗೆ ಕಾಯ್ತಾ ಇರುತ್ತದೆ. ಅದಕ್ಕೇ ಕೇಳುತ್ತಿದ್ದೇನೆ. ಇವರು ಇಷ್ಟು ಹೊತ್ತು ಹೇಗೆ ನುಡಿಸಿದರು? ಆ ಕಾಲದ ಬೇರೆ ಬ್ಯಾಂಡ್‌ಗಳು ಯಾವುವು? ಎಲ್ಲ ಕಡೆ 'ಕ್ರೌಟ್‌ರಾಕ್' ಅಂತ ಬರೆದಿದ್ದಾರೆ. ಹಾಗಂದರೆ ಏನು?

ರೈನ್_ತೀರದಿಂದ

ಜರ್ಮನಿಯ ಕೊಲೋನ್‌ನಲ್ಲಿ ಇದ್ದೇನೆ, ಹತ್ತು ವರ್ಷ ದಾಟಿತು. ಮೂಲ ಹಾಸನ. ಈ ಪ್ರಶ್ನೆ ಕನ್ನಡದಲ್ಲಿ ಯಾರಾದರೂ ಕೇಳಲಿ ಅಂತ ಎಷ್ಟೋ ದಿನದಿಂದ ಕಾಯುತ್ತಿದ್ದೆ, ಹಾಗಾಗಿ ಉದ್ದವಾಗುತ್ತದೆ.

ಮೊದಲು ಆ ಹೆಸರು. 'ಕ್ರೌಟ್' ಅಂದರೆ ಜರ್ಮನ್ ಭಾಷೆಯಲ್ಲಿ ಸೊಪ್ಪು, ಕೋಸು. ಯುದ್ಧದ ಕಾಲದಲ್ಲಿ ಜರ್ಮನ್ನರನ್ನು ಹೀಯಾಳಿಸೋಕೆ ಇಂಗ್ಲಿಷ್ ಮಾತಾಡುವವರು ಈ ಪದ ಬಳಸುತ್ತಿದ್ದರು. ಮುಂದೆ ಬ್ರಿಟಿಷ್ ಸಂಗೀತ ಪತ್ರಿಕೆಗಳು ಅದಕ್ಕೆ ರಾಕ್ ಸೇರಿಸಿ ಈ ಬ್ಯಾಂಡ್‌ಗಳ ಮೇಲೆಲ್ಲ ಅಂಟಿಸಿದವು. ಇಲ್ಲಿನ ಹಳೆಯ ಸಂಗೀತಗಾರರಲ್ಲಿ ಎಷ್ಟೋ ಜನಕ್ಕೆ ಆ ಹೆಸರು ಇಷ್ಟವಿಲ್ಲ. ಒಂದೇ ಹೆಸರಿನಡಿ ಇಟ್ಟರೆ ಒಂದೇ ಥರದ ಸಂಗೀತ ಅನ್ನಿಸುತ್ತದೆ, ಅದೇ ತೊಂದರೆ. ಕ್ಯಾನ್ ಕೇಳಿ ಆಮೇಲೆ ಅದೇ ಕಾಲದ ಇನ್ನೊಂದು ಬ್ಯಾಂಡ್ ಟ್ಯಾಂಜರೀನ್ ಡ್ರೀಮ್ ಕೇಳಿ ನೋಡಿ. ಅಣ್ಣ ತಮ್ಮ ಇರಲಿ, ದೂರದ ನೆಂಟರೂ ಅನ್ನಿಸೋದಿಲ್ಲ.

ಈಗ ಕ್ಯಾನ್. 1968ರಲ್ಲಿ ಕೊಲೋನ್‌ನಲ್ಲಿ ಶುರುವಾದದ್ದು. ಕೀಬೋರ್ಡ್ ನುಡಿಸಿದ ಇರ್ಮಿನ್ ಶ್ಮಿಟ್ ಮತ್ತು ಬೇಸ್ ನುಡಿಸಿದ ಹೋಲ್ಗರ್ ಚುಕೈ ಇಬ್ಬರೂ ಸಂಗೀತ ಸಂಯೋಜಕ ಸ್ಟಾಕ್‌ಹೌಜನ್ ಅವರ ಶಿಷ್ಯರು. ಶ್ಮಿಟ್ ಆರ್ಕೆಸ್ಟ್ರಾ ನಡೆಸುತ್ತಿದ್ದವರು. ಚುಕೈ ಮೇಷ್ಟ್ರಾಗಿದ್ದರು. ಗಿಟಾರಿನ ಮಿಖಾಯೆಲ್ ಕರೋಲಿ ಅವರ ವಿದ್ಯಾರ್ಥಿ, ಹತ್ತು ವರ್ಷ ಚಿಕ್ಕವರು. ರಾಕ್ ಸಂಗೀತದ ಹುಚ್ಚು ಹಿಡಿಸಿದ್ದು ಮೇಷ್ಟ್ರಿಗೆ ಈ ಹುಡುಗ. ಡ್ರಮ್ಸ್ ಯಾಕಿ ಲೀಬಟ್ಸೈಟ್. ಅವರು ಅದಕ್ಕೆ ಮೊದಲು ಫ್ರೀ ಜಾಝ್ ನುಡಿಸುತ್ತಿದ್ದರು, ಅಂದರೆ ತಾಳದ ಕಟ್ಟೇ ಇಲ್ಲದ ಸಂಗೀತ. ಒಂದು ಕಚೇರಿಯಾದ ಮೇಲೆ ಯಾರೋ ಬಂದು, ನೀನು ಒಂದೇ ಸಮನೆ ನುಡಿಸಬೇಕು ಅಂದರಂತೆ. ಆ ಮಾತು ಅವರಿಗೆ ನಾಟಿತು. ಅಲ್ಲಿಂದ ಮುಂದೆ ಜೀವನಪೂರ್ತಿ ಅದನ್ನೇ ಮಾಡಿದರು. 2017ರ ಜನವರಿಯಲ್ಲಿ ತೀರಿಕೊಂಡರು. ಅದೇ ವರ್ಷ ಚುಕೈ ಕೂಡ ಹೋದರು.

ಇಷ್ಟು ಹೊತ್ತು ಹೇಗೆ ನುಡಿಸಿದರು ಅಂತ ಕೇಳಿದಿರಲ್ಲ, ಅದಕ್ಕೆ ಉತ್ತರ ಇಲ್ಲಿದೆ. ಇವರಿಗೆ ಗಂಟೆ ಲೆಕ್ಕ ಇರಲಿಲ್ಲ. ಕೊಲೋನ್ ಹತ್ತಿರ ನೋರ್ವೆನಿಖ್ ಅಂತ ಒಂದು ಊರು, ಅಲ್ಲೊಂದು ಹಳೇ ಕೋಟೆಮನೆ. ಕಲಾಕೃತಿ ಸಂಗ್ರಹ ಮಾಡುತ್ತಿದ್ದ ಒಬ್ಬರು ಅದನ್ನು ಬಾಡಿಗೆ ಇಲ್ಲದೆ ಬಿಟ್ಟುಕೊಟ್ಟರು. ನೀವು ಕೇಳಿದ 'ಹಾಲೆಲುವಾ' ಇರುವ 'ಟಾಗೊ ಮಾಗೊ' ಅಲ್ಲೇ ರೆಕಾರ್ಡ್ ಆದದ್ದು, ಬಂದದ್ದು 1971ರಲ್ಲಿ. ಆಮೇಲೆ ವೈಲರ್ಸ್‌ವಿಸ್ಟ್ ಅನ್ನುವ ಊರಿನಲ್ಲಿ ಮುಚ್ಚಿದ್ದ ಒಂದು ಸಿನಿಮಾ ಟಾಕೀಸ್ ಹಿಡಿದರು. ಸದ್ದು ಗುಂಯ್‌ಗುಡದ ಹಾಗೆ ಗೋಡೆಗೆಲ್ಲ ಸೇನೆಯ ಹಳೇ ಹಾಸಿಗೆ ಹೊಡೆದರು. ಸುಮಾರು 1500 ಹಾಸಿಗೆ. ಬೇಕಾದಾಗ ಹೋಗೋದು, ಬೇಕಾದಷ್ಟು ಹೊತ್ತು ನುಡಿಸೋದು, ಟೇಪ್ ಓಡ್ತಾ ಇರೋದು.

ನಾನು ವೈಲರ್ಸ್‌ವಿಸ್ಟ್‌ಗೆ ಒಂದು ಭಾನುವಾರ ಹೋಗಿ ಬಂದೆ. ಸಣ್ಣ ಊರು. ಸ್ಟುಡಿಯೋದ ಒಳಗಿನ ಸಾಮಾನು ಈಗ ಅಲ್ಲಿಲ್ಲ, ಗ್ರೋನೌ ಊರಿನ ಸಂಗೀತ ಮ್ಯೂಸಿಯಂಗೆ ಸಾಗಿಸಿದ್ದಾರೆ. ಆದರೂ ಆ ರಸ್ತೆಯಲ್ಲಿ ನಿಂತಾಗ ಮೈ ಜುಮ್ ಅಂತು.

ಮಲೆನಾಡ_ಮಳೆ

ಓದ್ತಾ ಓದ್ತಾ ಕೇಳ್ತಾ ಇದೀನಿ. ಆ ಹಾಡುಗಾರ ಯಾರು? ಯಾವ ಭಾಷೆಯಲ್ಲಿ ಹಾಡ್ತಾನೆ ಅಂತಾನೇ ಗೊತ್ತಾಗ್ತಿಲ್ಲ.

ರೈನ್_ತೀರದಿಂದ

ಡಾಮೊ ಸುಜುಕಿ. ಜಪಾನಿನವರು. 1970ರಲ್ಲಿ ಮ್ಯೂನಿಕ್‌ನ ಬೀದಿಯಲ್ಲಿ ಹಾಡ್ತಾ ಇದ್ದರು. ಎದುರಿನ ಕೆಫೆಯಲ್ಲಿ ಚುಕೈ ಮತ್ತು ಲೀಬಟ್ಸೈಟ್ ಕೂತಿದ್ದರು. ಮೊದಲಿನ ಹಾಡುಗಾರ ಮಾಲ್ಕಂ ಮೂನಿ ಅಮೆರಿಕಕ್ಕೆ ವಾಪಸ್ ಹೋಗಿದ್ದರು, ಅವತ್ತು ರಾತ್ರಿ ಕಚೇರಿ ಇತ್ತು. ಚುಕೈ ಎದ್ದು ಹೋಗಿ ಕೇಳಿದರು, ಇವರು ಆಯ್ತು ಅಂದರು. ಅದೇ ರಾತ್ರಿ ವೇದಿಕೆ ಹತ್ತಿದರು. ಅಭ್ಯಾಸ ಇಲ್ಲ, ಏನಿಲ್ಲ.

ಅವರ ಹಾಡಿನಲ್ಲಿ ಇಂಗ್ಲಿಷ್ ಇದೆ, ಬೇರೆ ಭಾಷೆಯ ತುಣುಕು ಇದೆ, ಯಾವ ಭಾಷೆಯೂ ಅಲ್ಲದ ಸದ್ದೂ ಇದೆ. ಅರ್ಥ ಹುಡುಕೋದು ಬಿಟ್ಟರೆ ಗಂಟಲನ್ನೂ ಒಂದು ವಾದ್ಯದ ಥರ ಬಳಸುತ್ತಿದ್ದಾರೆ ಅಂತ ಕೇಳಿಸುತ್ತದೆ. 1973ರಲ್ಲಿ ಬ್ಯಾಂಡ್ ಬಿಟ್ಟರು. ವರ್ಷಗಳಾದ ಮೇಲೆ ಮತ್ತೆ ಹಾಡೋಕೆ ಬಂದಾಗ ಅವರ ರೀತಿಯೇ ಬೇರೆ. ಯಾವ ಊರಿಗೆ ಹೋದರೂ ಆ ಊರಿನ ಸಂಗೀತಗಾರರ ಜೊತೆ, ಮುಂಚೆ ಏನೂ ಮಾತಾಡಿಕೊಳ್ಳದೆ, ಸೀದಾ ವೇದಿಕೆಯ ಮೇಲೆ. 2024ರ ಫೆಬ್ರವರಿಯಲ್ಲಿ ಇಲ್ಲೇ ಕೊಲೋನ್‌ನಲ್ಲಿ ತೀರಿಕೊಂಡರು. ಅವತ್ತು ಸಂಜೆ ನಾನು 'ಫ್ಯೂಚರ್ ಡೇಸ್' ಹಾಕಿಕೊಂಡು ರೈನ್ ದಡದಲ್ಲಿ ನಡೆದೆ. ಅದು ಅವರು ಕ್ಯಾನ್ ಜೊತೆ ಮಾಡಿದ ಕೊನೆಯ ಆಲ್ಬಂ.

ಮಿಕ್ಸಿಂಗ್_ಮೇಜು

ನಾನು ಸೌಂಡ್ ಇಂಜಿನಿಯರ್, ಸಿನಿಮಾ ಮಿಕ್ಸಿಂಗ್ ಕೆಲಸ. ತುರುವೇಕೆರೆಯವರು ಬೇಸ್ ಬಗ್ಗೆ ಕೇಳಿದ್ದಾರೆ, ಹಾಗಾಗಿ ಇದು ಹೇಳಲೇಬೇಕು.

ಕ್ಯಾನ್‌ನವರು 1974ರ ತನಕ ಎರಡೇ ಟ್ರ್ಯಾಕ್‌ನಲ್ಲಿ ರೆಕಾರ್ಡ್ ಮಾಡಿದರು. ಟ್ರ್ಯಾಕ್ ಅಂದರೆ ಸದ್ದನ್ನು ಬೇರೆ ಬೇರೆಯಾಗಿ ಹಿಡಿದಿಡುವ ಸಾಲು. ಈಗ ನಮ್ಮ ಫೋನಿನಲ್ಲೂ ಅದಕ್ಕಿಂತ ಜಾಸ್ತಿ ಟ್ರ್ಯಾಕ್ ಸಿಗುತ್ತದೆ. ಎರಡು ಟ್ರ್ಯಾಕ್ ಅಂದರೆ ಎಲ್ಲರೂ ಒಟ್ಟಿಗೆ ಕೂತು ನುಡಿಸಬೇಕು. ಡ್ರಮ್ಸ್ ಜೋರಾಯಿತು ಅಂತ ಆಮೇಲೆ ತಗ್ಗಿಸೋಕೆ ಆಗೋದಿಲ್ಲ. ಹಾಗಾಗಿ ನುಡಿಸುವಾಗಲೇ ಒಬ್ಬರ ಸದ್ದಿಗೆ ಇನ್ನೊಬ್ಬರು ಜಾಗ ಬಿಡಬೇಕು. ಅವರ ರೆಕಾರ್ಡಿಂಗ್‌ನಲ್ಲಿ ಯಾರೂ ಯಾರ ಮೇಲೂ ಬೀಳುವುದಿಲ್ಲ, ಗಮನಿಸಿದಿರಾ?

ಇನ್ನೊಂದು ಕೆಲಸ ಚುಕೈ ಅವರದು. ಗಂಟೆಗಟ್ಟಲೆ ನುಡಿಸಿದ ಟೇಪನ್ನು ಕೂತು ಕೇಳಿ, ಬ್ಲೇಡಿನಲ್ಲಿ ಕತ್ತರಿಸಿ, ಅಂಟಿಸಿ, ಅದರಿಂದ ಹಾಡು ತೆಗೆಯುತ್ತಿದ್ದರು. ಕಂಪ್ಯೂಟರಿನ ಹಾಗೆ ಮಾಡಿದ್ದನ್ನು ವಾಪಸ್ ತಗೊಳ್ಳುವ 'ಅನ್‌ಡೂ' ಟೇಪಿಗೆ ಇಲ್ಲ. ತಪ್ಪಾಗಿ ಕತ್ತರಿಸಿದರೆ ಮತ್ತೆ ಅಂಟಿಸಬೇಕು, ಸದ್ದಿನಲ್ಲಿ ಗಾಯ ಉಳಿದುಬಿಡುತ್ತದೆ. 'ಹಾಲೆಲುವಾ'ದಲ್ಲಿ ಕತ್ತರಿ ಹಾಕಿದ ಜಾಗಗಳಿವೆ. ನನ್ನ ಕಿವಿಗೆ ಒಂದೆರಡು ಸಿಕ್ಕಿವೆ. ನೀವೂ ಹುಡುಕಿ, ಸುಮ್ನೆ ಹೇಳಿಬಿಟ್ಟರೆ ಮಜಾ ಹೋಗುತ್ತದೆ.

ಇನ್ನು ನೊಯ್ ಅನ್ನುವ ಬ್ಯಾಂಡ್. ಹೆಸರಿನ ಅರ್ಥ 'ಹೊಸದು'. ಕ್ಲೌಸ್ ಡಿಂಗರ್ ಡ್ರಮ್ಸ್, ಮಿಖಾಯೆಲ್ ರೋಟರ್ ಗಿಟಾರ್. ಇಬ್ಬರೇ. ಇಬ್ಬರೂ ಕ್ರಾಫ್ಟ್‌ವರ್ಕ್ ಅನ್ನುವ ಬ್ಯಾಂಡಿನಲ್ಲಿ ಸ್ವಲ್ಪ ದಿನ ಇದ್ದು 1971ರಲ್ಲಿ ಹೊರಬಂದವರು. ಅವರ ಮೊದಲ ಆಲ್ಬಂನ ಮೊದಲ ಹಾಡು 'ಹಲೋಗಲೋ', ಹತ್ತು ನಿಮಿಷ. ಡ್ರಮ್ಸ್ ನಾಲ್ಕು ಎಣಿಕೆಯಲ್ಲಿ ಒಂದೇ ಸಮ ಓಡುತ್ತದೆ. ನಡುವೆ ಉರುಳಿಕೆ ಇಲ್ಲ, ಅಬ್ಬರ ಇಲ್ಲ, ಈಗ ನೋಡಿ ಅನ್ನುವ ಜಾಗವೇ ಇಲ್ಲ. ಪತ್ರಿಕೆಯವರು ಇದಕ್ಕೆ 'ಮೋಟಾರಿಕ್' ಅಂತ ಹೆಸರಿಟ್ಟರು. ಡಿಂಗರ್‌ಗೆ ಅದು ಹಿಡಿಸಲಿಲ್ಲ. ಮೋಟಾರು, ಯಂತ್ರ ಅನ್ನುವ ಅರ್ಥ ಬರುತ್ತದಲ್ಲ, ಅದಕ್ಕೆ. ಅವರ ಮಟ್ಟಿಗೆ ಅದು ಉದ್ದಕ್ಕೂ ನೇರ ಹೋಗುವ ದಾರಿ, ಮನುಷ್ಯ ಹೋಗುವ ದಾರಿ. ಕೇಳಿ ನೋಡಿ, ಮೆಷಿನ್ ಅಲ್ಲ ಅಂತ ಗೊತ್ತಾಗುತ್ತದೆ. ಕೈ ದಣಿಯೋದು, ಮತ್ತೆ ಬಲ ಬರೋದು ಎಲ್ಲ ಕೇಳಿಸುತ್ತದೆ.

ರೋಟರ್ ಚಿಕ್ಕವರಿದ್ದಾಗ ಮನೆಯವರ ಜೊತೆ ಕರಾಚಿಯಲ್ಲಿ ಕೆಲವು ವರ್ಷ ಇದ್ದರು. ಮೊದಲು ಯಾವುದು ಕೊನೆ ಯಾವುದು ಅಂತ ತಿಳಿಯದ ಹಾಗೆ ಸಾಗುವ ಅಲ್ಲಿನ ಸಂಗೀತ ತಮ್ಮೊಳಗೆ ಉಳಿಯಿತು ಅಂತ ಹೇಳಿಕೊಂಡಿದ್ದಾರೆ. ಅದನ್ನು ತಿಳಿದ ಮೇಲೆ 'ಹಲೋಗಲೋ' ನನಗೆ ಬೇರೆಯಾಗಿ ಕೇಳಿಸಿತು.

ಒಂದು ಮಾತು ಮಾತ್ರ ರೈನ್_ತೀರದವರ ಮಾತಿಗೆ ವಿರುದ್ಧ ಹೋಗುತ್ತದೆ. ನೊಯ್‌ಗೆ ಸ್ವಂತ ಜಾಗ ಇರಲಿಲ್ಲ. ಮೊದಲ ಆಲ್ಬಂ ಹ್ಯಾಂಬರ್ಗ್‌ನ ಬಾಡಿಗೆ ಸ್ಟುಡಿಯೋದಲ್ಲಿ ನಾಲ್ಕೇ ರಾತ್ರಿಯಲ್ಲಿ ಮುಗಿಸಿದರು. ಮಿಕ್ಸಿಂಗ್ ಮೇಜಿನ ಮುಂದೆ ಕೂತಿದ್ದವರು ಸೌಂಡ್ ಇಂಜಿನಿಯರ್ ಕಾನಿ ಪ್ಲ್ಯಾಂಕ್, ನನ್ನ ಕಸುಬಿನಲ್ಲಿ ನಾನು ತುಂಬಾ ಗೌರವಿಸುವ ಮನುಷ್ಯ. ಎರಡನೇ ಆಲ್ಬಂ ಹೊತ್ತಿಗೆ ಅರ್ಧದಲ್ಲೇ ದುಡ್ಡು ಮುಗಿದುಹೋಯಿತು. ರೆಕಾರ್ಡಿನ ಒಂದು ಮಗ್ಗುಲು ಖಾಲಿ. ಆಗ ಮುಂಚೆ ಬಿಡುಗಡೆ ಮಾಡಿದ್ದ ತಮ್ಮದೇ ಎರಡು ಹಾಡುಗಳನ್ನು ತಗೊಂಡು, ಒಮ್ಮೆ ವೇಗವಾಗಿ, ಒಮ್ಮೆ ನಿಧಾನವಾಗಿ ಓಡಿಸಿ ಆ ಮಗ್ಗುಲು ತುಂಬಿದರು. ನಿಮಿಷಕ್ಕೆ 16 ಸುತ್ತಿನ ವೇಗ, 78 ಸುತ್ತಿನ ವೇಗ. ಆಗ ಜನ ಬೈದರು. ಈಗ ಅದು ರೀಮಿಕ್ಸ್‌ನ ಮೊದಲ ಪಾಠದ ಹಾಗೆ ಕಾಣುತ್ತದೆ.

ಹಳೇ_ಕ್ಯಾಸೆಟ್

ಧಾರವಾಡದಿಂದ. ನಿವೃತ್ತ. ಎಂಬತ್ತರ ದಶಕದಲ್ಲಿ ನಾನು ಬೆಂಗಳೂರಿನಲ್ಲಿ ಇದ್ದಾಗ ಒಂದು ಫಿಲಂ ಸೊಸೈಟಿಯಲ್ಲಿ ಜರ್ಮನ್ ನಿರ್ದೇಶಕ ವರ್ನರ್ ಹರ್ಜಾಗ್ ಅವರ 'ಅಗೀರ್' ಸಿನಿಮಾ ನೋಡಿದೆ. ಮೊದಲ ದೃಶ್ಯ ಇವತ್ತಿಗೂ ಕಣ್ಣಲ್ಲಿದೆ. ಮಂಜು ಮುಸುಕಿದ ಬೆಟ್ಟ, ಇರುವೆ ಸಾಲಿನ ಹಾಗೆ ಇಳಿದು ಬರುವ ಜನ. ಹಿಂದಿನಿಂದ ಒಂದು ಸದ್ದು. ನೂರು ಜನ ಬಾಯಿ ಮುಚ್ಚಿಕೊಂಡು ಹಾಡಿದ ಹಾಗೆ. ಅದು ಮನುಷ್ಯರ ದನಿಯೋ, ಯಂತ್ರವೋ ನನಗೆ ತಿಳಿಯಲಿಲ್ಲ. ಸಿನಿಮಾ ಮುಗಿದ ಮೇಲೆ ಕೇಳಿ ತಿಳಿದುಕೊಂಡ ಹೆಸರು ಪೋಪೋಲ್ ವೂ.

ಮ್ಯೂನಿಕ್‌ನ ಫ್ಲೋರಿಯನ್ ಫ್ರಿಕೆ ಅವರ ಬ್ಯಾಂಡ್ ಅದು. ಆ ಕಾಲದಲ್ಲಿ ಜರ್ಮನಿಯಲ್ಲಿ ಮೂಗ್ ಸಿಂಥಸೈಸರ್, ಅಂದರೆ ವಿದ್ಯುತ್ತಿನಿಂದ ಸದ್ದು ಹುಟ್ಟಿಸುವ ವಾದ್ಯ, ಇದ್ದವರು ಬೆರಳೆಣಿಕೆ. ಇವರ ಹತ್ತಿರ ದೊಡ್ಡದೊಂದು ಇತ್ತು. ಬೀರುವಿನಷ್ಟು ದೊಡ್ಡದು, ತುಂಬಾ ದುಬಾರಿ. ಅದರಲ್ಲಿ ಎರಡು ಆಲ್ಬಂ ಮಾಡಿದರು. ಆಮೇಲೆ ಅದನ್ನು ಪಕ್ಕಕ್ಕಿಟ್ಟು ಪಿಯಾನೋ ಮುಂದೆ ಕೂತರು! 1972ರ 'ಹೊಸಿಯಾನಾ ಮಂತ್ರ' ಕೇಳಿ. ಪಿಯಾನೋ, ಓಬೋ ಅನ್ನುವ ಊದುವ ವಾದ್ಯ, ತಂಬೂರಿ, ಕೊರಿಯಾ ಮೂಲದ ಗಾಯಕಿ ಜಾಂಗ್ ಯುನ್ ಅವರ ದನಿ. ಡ್ರಮ್ಸ್ ಇಲ್ಲ. ಎಲ್ಲರೂ ಯಂತ್ರದ ಕಡೆ ಓಡುವಾಗ ಈತ ತಿರುಗಿ ನಡೆದ. ಆ ಧೈರ್ಯಕ್ಕೆ ನಾನು ಕೈ ಮುಗಿಯುತ್ತೇನೆ. ಮುಂದೆ ಆ ಮೂಗ್ ಇನ್ನೊಬ್ಬ ಜರ್ಮನ್ ಸಂಗೀತಗಾರ ಕ್ಲೌಸ್ ಶುಲ್ಟ್ಸೆ ಅವರ ಕೈಗೆ ಹೋಯಿತು. ಅವರು ಅದರಲ್ಲಿ ಇನ್ನೊಂದು ಲೋಕವನ್ನೇ ಕಟ್ಟಿದರು, ಅದು ಬೇರೆ ಕಥೆ.

ಬೆಳಗ್ಗೆ ಐದಕ್ಕೆ ಎದ್ದು ಈ ಆಲ್ಬಂ ಹಾಕುವುದು ನನ್ನ ಮೂವತ್ತು ವರ್ಷದ ಅಭ್ಯಾಸ. ಮನೆಯವರು ಮೊದಲು ಬೇಡ ಅನ್ನುತ್ತಿದ್ದರು. ಈಗ ನಾನು ಮರೆತರೆ ಅವರೇ ಹಾಕುತ್ತಾರೆ.

ಇತಿಹಾಸ_ಮೇಷ್ಟ್ರು

ಚರ್ಚೆ ಚೆನ್ನಾಗಿದೆ. ಆದರೆ ಜಾಗ ಮತ್ತು ಸಮಯ ಸಿಕ್ಕಿತು, ಅದಕ್ಕೇ ಸಂಗೀತ ಹುಟ್ಟಿತು ಅಂದರೆ ನಾನು ಪೂರ್ತಿ ಒಪ್ಪಲ್ಲ. ಅವರು ಹುಟ್ಟಿದ ವರ್ಷಗಳನ್ನು ನೋಡಿ. ಚುಕೈ 1938, ಫ್ರಿಕೆ 1944, ಡಿಂಗರ್ 1946, ರೋಟರ್ 1950. ಯುದ್ಧದ ಕಾಲದಲ್ಲಿ, ಇಲ್ಲವೇ ಅದರ ಬೆನ್ನಲ್ಲೇ ಹುಟ್ಟಿದ ಮಕ್ಕಳು. ಬಾಂಬಿಗೆ ಸಿಕ್ಕ ಊರುಗಳಲ್ಲಿ ಬೆಳೆದವರು. ಅಪ್ಪಂದಿರು ನಾಜಿ ಕಾಲದ ಬಗ್ಗೆ ಬಾಯಿ ಬಿಡುತ್ತಿರಲಿಲ್ಲ. ರೇಡಿಯೋ ಹಾಕಿದರೆ 'ಶ್ಲಾಗರ್' ಅನ್ನುವ ಸಿಹಿ ಹಾಡುಗಳು, ಏನೂ ನಡೆದೇ ಇಲ್ಲವೇನೋ ಅನ್ನುವ ಹಾಗೆ. ಇನ್ನೊಂದು ಕಡೆ ಅಮೆರಿಕದ, ಬ್ರಿಟನ್ನಿನ ರಾಕ್. ಅದು ಚೆನ್ನಾಗಿತ್ತು, ಆದರೆ ಗೆದ್ದವರ ಸಂಗೀತ. ನಮ್ಮದು ಅಂತ ಹಾಡೋಕೆ ಇವರಿಗೆ ಏನಿತ್ತು? ಹಿಂದಿನದನ್ನು ಮುಟ್ಟುವ ಹಾಗಿಲ್ಲ, ಹೊರಗಿನದನ್ನು ನಕಲು ಮಾಡೋಕೆ ಮನಸ್ಸಿಲ್ಲ.

1968ರಲ್ಲಿ ಅಲ್ಲಿನ ವಿದ್ಯಾರ್ಥಿಗಳು ಬೀದಿಗಿಳಿದರು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಎಸೆನ್ ಊರಿನಲ್ಲಿ ದೊಡ್ಡ ಸಂಗೀತ ಉತ್ಸವ ಆಯಿತು. ಬರ್ಲಿನ್‌ನಲ್ಲಿ ಜೋಡಿಯಾಕ್ ಅನ್ನುವ ಪ್ರಯೋಗದ ಜಾಗ ತೆರೆಯಿತು. ಮ್ಯೂನಿಕ್‌ನಲ್ಲಿ ಒಂದೇ ಮನೆಯಲ್ಲಿ ಗುಂಪಾಗಿ ಬದುಕುತ್ತಿದ್ದವರ ನಡುವಿನಿಂದ ಅಮೊನ್ ಡ್ಯೂಲ್ ಹುಟ್ಟಿತು. ಆ ಒತ್ತಡ ಇಲ್ಲದಿದ್ದರೆ ಕೋಟೆಮನೆ ಸಿಕ್ಕಿದ್ದರೂ ಅಲ್ಲಿ ಕೂತು ಅಮೆರಿಕದ ಬ್ಲೂಸ್ ನುಡಿಸಿರೋರು.

ಜೊತೆಗೆ ಆ ಜಾಗಗಳಿಗೆ ದುಡ್ಡು ಎಲ್ಲಿಂದ ಬಂತು ಅಂತಲೂ ಕೇಳಬೇಕು. ಆಗ ಪಶ್ಚಿಮ ಜರ್ಮನಿ ಚೇತರಿಸಿಕೊಂಡಿತ್ತು, ಕೈಯಲ್ಲಿ ಕಾಸಿತ್ತು. ಕ್ಯಾನ್ ಸಿನಿಮಾ, ಟೀವಿಗೆ ಸಂಗೀತ ಮಾಡಿಕೊಡುತ್ತಿತ್ತು. ಒಂದು ಪತ್ತೇದಾರಿ ಧಾರಾವಾಹಿಗೆ ಮಾಡಿದ 'ಸ್ಪೂನ್' ಹಾಡಿನ 3 ಲಕ್ಷದಷ್ಟು ಪ್ರತಿ ಖರ್ಚಾದವು. ಫೌಸ್ಟ್ ಅನ್ನುವ ಬ್ಯಾಂಡಿಗೆ ಪಾಲಿಡಾರ್ ಅನ್ನುವ ರೆಕಾರ್ಡ್ ಕಂಪನಿಯೇ ಸ್ಟುಡಿಯೋ ಕಟ್ಟಿಕೊಟ್ಟಿತು.

ಹಳೇ_ಕ್ಯಾಸೆಟ್

ಮೇಷ್ಟ್ರೇ, ಫೌಸ್ಟ್ ಹೆಸರು ತೆಗೆದಿರಿ, ಅವರ ಕಥೆ ಪೂರ್ತಿ ಹೇಳಲೇಬೇಕು.

ಊವೆ ನೆಟ್ಟಲ್‌ಬೆಕ್ ಅಂತ ಒಬ್ಬ ಪತ್ರಕರ್ತ. ಪಾಲಿಡಾರ್‌ನವರಿಗೆ, ನಿಮಗೊಂದು ಹೊಸ ಬ್ಯಾಂಡ್ ಮಾಡಿಕೊಡ್ತೀನಿ ಅಂತ ಒಪ್ಪಿಸಿದರು. ಹ್ಯಾಂಬರ್ಗ್‌ನ ಹುಡುಗರನ್ನು ಸೇರಿಸಿ, ವ್ಯೂಮೆ ಅನ್ನುವ ಹಳ್ಳಿಯಲ್ಲಿ ಹಳೇ ಶಾಲೆಯನ್ನು ಸ್ಟುಡಿಯೋ ಮಾಡಿಸಿದರು. ಹುಡುಗರು ಅಲ್ಲೇ ಉಂಡು, ಮಲಗಿ, ಎದ್ದು ನುಡಿಸಿದರು. ಜೊತೆಗಿದ್ದ ಇಂಜಿನಿಯರ್ ಕುರ್ಟ್ ಗ್ರೌಪ್ನರ್ ಅವರಿಗೋಸ್ಕರ ಕಪ್ಪು ಡಬ್ಬಿಗಳನ್ನು ಮಾಡಿಕೊಟ್ಟರು. ಅದರ ಗುಂಡಿ ತಿರುಗಿಸಿ ನುಡಿಸ್ತಾ ನುಡಿಸ್ತಾ ಸದ್ದನ್ನು ತಿರುಚಬಹುದಿತ್ತು.

ಕಂಪನಿಗೆ ಬೇಕಿದ್ದದ್ದು ಜರ್ಮನಿಯ ಬೀಟಲ್ಸ್. ಸಿಕ್ಕಿದ್ದು 1971ರ ಮೊದಲ ಆಲ್ಬಂ. ರೆಕಾರ್ಡ್ ಗಾಜಿನ ಹಾಗೆ ಪಾರದರ್ಶಕ. ಹೊದಿಕೆಯ ಮೇಲೆ ಮುಷ್ಟಿಯ ಎಕ್ಸ್‌ರೇ, ಯಾಕಂದರೆ ಫೌಸ್ಟ್ ಅಂದರೆ ಮುಷ್ಟಿ. ಖರ್ಚಾಗಲಿಲ್ಲ. ಕೊನೆಗೆ ಕಂಪನಿ ಕೈಬಿಟ್ಟಿತು. 1973ರಲ್ಲಿ ಬ್ರಿಟನ್ನಿನ ವರ್ಜಿನ್ ಕಂಪನಿ ಇವರ ತುಣುಕು ಟೇಪ್‌ಗಳನ್ನೆಲ್ಲ ಜೋಡಿಸಿ 'ದಿ ಫೌಸ್ಟ್ ಟೇಪ್ಸ್' ಅಂತ ಬಿಟ್ಟಿತು. ಬೆಲೆ 50 ಪೆನ್ಸಿಗೂ ಕಡಿಮೆ, ಒಂದು ಹಾಡಿನ ಸಣ್ಣ ರೆಕಾರ್ಡಿನ ಬೆಲೆ. ಅಗ್ಗ ಅಂತ ಸಾವಿರಾರು ಹುಡುಗರು ತಗೊಂಡರು. ಮನೆಗೆ ಹೋಗಿ ಹಾಕಿ ಬೆಚ್ಚಿಬಿದ್ದರು. ಒಂದು ಚಂದದ ರಾಗ ಬರುತ್ತದೆ, ಅರ್ಧಕ್ಕೆ ಕತ್ತರಿ, ಇನ್ನೇನೋ ಗರ್ರ್ ಅನ್ನುತ್ತದೆ. ಆ ಹುಡುಗರಲ್ಲಿ ಎಷ್ಟೋ ಜನ ಮುಂದೆ ತಾವೇ ಬ್ಯಾಂಡ್ ಕಟ್ಟಿದರು.

ಮಲೆನಾಡ_ಮಳೆ

ಹೆಣ್ಣುಮಕ್ಕಳು ಯಾರೂ ಇರಲಿಲ್ವಾ? ಜಾಂಗ್ ಯುನ್ ಒಬ್ಬರ ಹೆಸರು ಬಂತು ಅಷ್ಟೇ.

ರೈನ್_ತೀರದಿಂದ

ಇದ್ದರು, ಆದರೆ ತುಂಬಾ ಕಡಿಮೆ. ಅಮೊನ್ ಡ್ಯೂಲ್‌ನಿಂದ ಒಡೆದು ಬಂದ 'ಅಮೊನ್ ಡ್ಯೂಲ್ ಎರಡು' ಬ್ಯಾಂಡಿನ ಗಾಯಕಿ ರೆನಾಟೆ ಕ್ನೌಪ್ ಕೇಳಿ, 1970ರ 'ಯೇಟಿ' ಆಲ್ಬಂ. ಆ ದನಿಗೆ ಎದುರು ನಿಲ್ಲುವ ಗಿಟಾರ್ ಇಲ್ಲ. ಕ್ಯಾನ್‌ಗೆ ವರ್ಷಗಟ್ಟಲೆ ಮ್ಯಾನೇಜರ್ ಆಗಿ ನಿಂತವರು ಹಿಲ್ಡೆಗಾರ್ಡ್ ಶ್ಮಿಟ್, ಇರ್ಮಿನ್ ಅವರ ಹೆಂಡತಿ. ಆ ಬ್ಯಾಂಡಿನ ಹಳೇ ಟೇಪ್‌ಗಳು ಇವತ್ತು ನಮ್ಮ ಕಿವಿಗೆ ಸಿಗುತ್ತಿವೆ ಅಂದರೆ ಅದರಲ್ಲಿ ಅವರ ಪಾಲು ದೊಡ್ಡದು.

ತನಿ_ಆವರ್ತನ

ನಾನು ಹದಿನಾರು ವರ್ಷ ಮೃದಂಗ ಕಲಿತವಳು, ಈಗ ಕಲಿಸುತ್ತೇನೆ. ನೀವೆಲ್ಲ ಇಷ್ಟು ಮಾತಾಡಿದಿರಿ, ಬೆಂಗಳೂರಿನ ನಂಟು ಮಾತ್ರ ಯಾರೂ ಹೇಳಲಿಲ್ಲ!

ಎಂಬ್ರಿಯೋ ಅಂತ ಒಂದು ಬ್ಯಾಂಡ್. 1969ರಲ್ಲಿ ಮ್ಯೂನಿಕ್‌ನಲ್ಲಿ ಶುರುವಾಯಿತು. ಕಟ್ಟಿದವರು ಕ್ರಿಸ್ಟಿಯನ್ ಬುರ್ಖಾರ್ಟ್, ಡ್ರಮ್ಸ್ ಮತ್ತು ವೈಬ್ರಫೋನ್ (ಲೋಹದ ಪಟ್ಟಿಗಳನ್ನು ಕೋಲಿನಿಂದ ಹೊಡೆದು ನುಡಿಸುವ ವಾದ್ಯ). 1978ರಲ್ಲಿ ಇವರು ಬಸ್ಸಿನಲ್ಲಿ ವಾದ್ಯ ತುಂಬಿಕೊಂಡು ಹೊರಟರು. ರಸ್ತೆ ಮೇಲೆಯೇ ಅಫ್ಘಾನಿಸ್ತಾನ, ಪಾಕಿಸ್ತಾನ ದಾಟಿ ಭಾರತಕ್ಕೆ ಬಂದರು. ಹೋದಲ್ಲೆಲ್ಲ ಅಲ್ಲಿನವರ ಜೊತೆ ಕೂತು ನುಡಿಸಿದರು. ಆ ಪ್ರಯಾಣ 'ಎಂಬ್ರಿಯೋಸ್ ರೈಸೆ' ಅನ್ನುವ ಜೋಡಿ ರೆಕಾರ್ಡ್ ಆಗಿ 1979ರಲ್ಲಿ ಬಂತು.

ಆಮೇಲೆ 1980ರಲ್ಲಿ 'ಲೈಫ್' ಅಂತ ಒಂದು ಆಲ್ಬಂ. ಅದರಲ್ಲಿ ಎಂಬ್ರಿಯೋ ಜೊತೆ ಇರುವವರು ನಮ್ಮ ಬೆಂಗಳೂರಿನ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್! ಮೃದಂಗ ವಿದ್ವಾನ್ ಟಿ.ಎ.ಎಸ್. ಮಣಿ ಅವರು 1964ರಲ್ಲಿ ಕಟ್ಟಿದ ಸಂಸ್ಥೆ. ಅವರ ಪತ್ನಿ ಆರ್.ಎ. ರಮಾಮಣಿ ಹಾಡುಗಾರ್ತಿ. ಸಂಗೀತ ಸಂಯೋಜನೆಯೂ ಅವರದು. ಅಮೆರಿಕದ ಸ್ಯಾಕ್ಸೋಫೋನ್ ವಾದಕ ಚಾರ್ಲಿ ಮರಿಯಾನೊ ಕೂಡ ಆ ಆಲ್ಬಂನಲ್ಲಿದ್ದಾರೆ. ಮರಿಯಾನೊ ನಾಗಸ್ವರದ ಬೆನ್ನು ಹತ್ತಿ ದಕ್ಷಿಣ ಭಾರತಕ್ಕೆ ಬಂದು ಕಲಿತವರು. 1983ರಲ್ಲಿ ಇದೇ ಬೆಂಗಳೂರು ತಂಡದ ಜೊತೆ ಜರ್ಮನಿಯಲ್ಲಿ 'ಜ್ಯೋತಿ' ಅನ್ನುವ ಆಲ್ಬಂ ಮಾಡಿದರು, ಇಸಿಎಂ ಅನ್ನುವ ರೆಕಾರ್ಡ್ ಕಂಪನಿಗೆ. ಮೃದಂಗ, ಘಟ, ಖಂಜಿರ, ಮೋರ್ಚಿಂಗ್, ಬಾಯಲ್ಲಿ ಸೊಲ್ಲು ಹೇಳುವ ಕೊನ್ನಕೋಲು, ರಮಾಮಣಿ ಅವರ ದನಿ, ನಡುವೆ ಆ ಸ್ಯಾಕ್ಸೋಫೋನ್. ರಾತ್ರಿ ದೀಪ ಆರಿಸಿ ಕೇಳಿ. ನಮ್ಮ ಊರಿನವರು ಮಾಡಿದ ಇಂಥ ಕೆಲಸ ನಮ್ಮ ಊರಿನಲ್ಲೇ ಎಷ್ಟು ಜನಕ್ಕೆ ಗೊತ್ತು ಹೇಳಿ. ನನಗೆ ಇದು ನಿಜಕ್ಕೂ ನೋವು.

ಇನ್ನು 'ಒಂದೇ ಸಮ' ಅನ್ನುವ ಮಾತು. ಎಲ್ಲರೂ ಅದನ್ನೇ ಹೇಳುತ್ತಿದ್ದೀರಿ. ನಮ್ಮಲ್ಲಿ ಅದಕ್ಕೆ ಕಾಲಪ್ರಮಾಣ ಅಂತ ಹೆಸರು. ಹಿಡಿದ ವೇಗವನ್ನು ಓಡಿಸಬಾರದು, ಎಳೆಯಬಾರದು. ನನ್ನ ಗುರುಗಳು ಮೊದಲ ಆರು ತಿಂಗಳು ಆದಿತಾಳದಲ್ಲಿ ಒಂದೇ ಸೊಲ್ಲು, ಅಂದರೆ ಮೃದಂಗದ ಒಂದೇ ಪಾಠಾಕ್ಷರದ ಸಾಲು, ನುಡಿಸಿಸಿದರು. ದಿನಾ ಒಂದು ಗಂಟೆ. ಅಳು ಬರುತ್ತಿತ್ತು. ನಾಲ್ಕನೇ ತಿಂಗಳಲ್ಲಿ ಒಂದು ದಿನ ಆ ಸೊಲ್ಲಿನ ಒಳಗೆ ಜಾಗ ಕಾಣಿಸಿತು. ತಾ ಮತ್ತು ದಿ ನಡುವೆ ಎಷ್ಟು ಖಾಲಿ ಇದೆ ಅಂತ. ಲೀಬಟ್ಸೈಟ್ ಅವರನ್ನು ಕೇಳಿದಾಗ ನನಗೆ ಆ ದಿನ ನೆನಪಾಯಿತು. ಅವರ ಬಲಗೈ ಒಂದೇ ಥರ ಹೋಗುತ್ತದೆ, ಆದರೆ ಸ್ನೇರ್ ಅನ್ನುವ ಡ್ರಮ್ ಮೇಲಿನ ಸಣ್ಣ ಪೆಟ್ಟುಗಳು ಆವರ್ತದಿಂದ ಆವರ್ತಕ್ಕೆ ಬದಲಾಗುತ್ತವೆ. ಬೇಸ್ ನುಡಿಸುವವರು ಅದನ್ನು ಕೇಳಬೇಕು.

ಮಿಕ್ಸಿಂಗ್_ಮೇಜು

ಮೇಡಂ, 'ಜ್ಯೋತಿ' ಈಗ ತಾನೇ ಕೇಳಿದೆ. ಮಾತು ಬರುತ್ತಿಲ್ಲ. ಘಟದ ಸದ್ದನ್ನು ಹಿಡಿದಿರುವ ರೀತಿ ನೋಡಿ, ಮಣ್ಣಿನ ತಂಪು ಕೇಳಿಸುತ್ತದೆ.

ತುರುವೇಕೆರೆ_ಬೇಸ್

ಅಕ್ಕಾ, ಸರ್, ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಕ್ರಾಫ್ಟ್‌ವರ್ಕ್ ಬಗ್ಗೆ ಯಾರೂ ಜಾಸ್ತಿ ಹೇಳಲಿಲ್ಲ. ಅವರೇ ಎಲ್ಲರಿಗಿಂತ ಹೆಸರಾದವರು ಅಲ್ವಾ?

ರೈನ್_ತೀರದಿಂದ

ಹೆಸರಾದದ್ದಕ್ಕೇ ಬಿಟ್ಟುಹೋಯಿತು. ರಾಲ್ಫ್ ಹ್ಯೂಟರ್ ಮತ್ತು ಫ್ಲೋರಿಯನ್ ಶ್ನೈಡರ್, ಡ್ಯೂಸೆಲ್‌ಡಾರ್ಫ್. 1970ರಿಂದ ಅವರಿಗೂ ಒಂದು ಸ್ವಂತ ಜಾಗ ಇತ್ತು, ರೈಲು ನಿಲ್ದಾಣದ ಹತ್ತಿರ, ಕ್ಲಿಂಗ್ ಕ್ಲಾಂಗ್ ಅಂತ ಹೆಸರು. ಆಫೀಸಿಗೆ ಹೋಗುವವರ ಹಾಗೆ ದಿನಾ ಅಲ್ಲಿ ಹೋಗಿ ಕೆಲಸ ಮಾಡುತ್ತಿದ್ದರು. ಅಂಗಡಿಯಲ್ಲಿ ಸಿಗದ ಯಂತ್ರವನ್ನು ತಾವೇ ಮಾಡಿಕೊಳ್ಳುತ್ತಿದ್ದರು, ಕೋಲಿನಿಂದ ಹೊಡೆಯುವ ಎಲೆಕ್ಟ್ರಾನಿಕ್ ಡ್ರಮ್ ಕೂಡ. 1974ರ 'ಆಟೊಬಾನ್' 22 ನಿಮಿಷದ್ದು, ಹೆದ್ದಾರಿ ಮೇಲೆ ಕಾರು ಹೋಗುವ ಹಾಡು, ಜರ್ಮನ್ ಭಾಷೆಯಲ್ಲೇ. ಅದನ್ನು ಚಿಕ್ಕದು ಮಾಡಿ ಬಿಟ್ಟಾಗ ಅಮೆರಿಕದ ಪಟ್ಟಿಯಲ್ಲಿ 25ನೇ ಜಾಗಕ್ಕೆ ಹೋಯಿತು. 1977ರ 'ಟ್ರಾನ್ಸ್-ಯೂರೋಪ್ ಎಕ್ಸ್‌ಪ್ರೆಸ್' ರಾಗವನ್ನು 1982ರಲ್ಲಿ ನ್ಯೂಯಾರ್ಕ್‌ನ ಆಫ್ರಿಕಾ ಬಂಬಾಟ ಅನ್ನುವ ಡಿಜೆ ತಮ್ಮ 'ಪ್ಲಾನೆಟ್ ರಾಕ್' ಹಾಡಿನಲ್ಲಿ ಬಳಸಿದರು. ಹಿಪ್‌ಹಾಪ್‌ನ ಒಂದು ದೊಡ್ಡ ಕವಲು ಅಲ್ಲಿಂದ ಹೊರಟಿತು. ಡ್ಯೂಸೆಲ್‌ಡಾರ್ಫ್‌ನ ಬಿಳಿ ಹುಡುಗರ ರೈಲು ನ್ಯೂಯಾರ್ಕ್‌ನ ಬ್ರಾಂಕ್ಸ್ ಬಡಾವಣೆಯ ಕರಿಯ ಹುಡುಗರ ಕುಣಿತವಾಯಿತು. ಸಂಗೀತಕ್ಕೆ ನಾನು ಸೋಲುವುದು ಇಂಥದ್ದಕ್ಕೇ.

ಮೇಷ್ಟ್ರ ಮಾತನ್ನು ಎರಡು ದಿನ ಯೋಚಿಸಿದೆ. ಒತ್ತಡ ಇರಬೇಕು, ಸರಿ. ಆದರೆ ಆ ಒತ್ತಡ ಇದ್ದ ಹುಡುಗರು ಇಡೀ ಯೂರೋಪಿನಲ್ಲಿದ್ದರು. ಹೊಸ ಸದ್ದು ಬಂದದ್ದು ಬಾಗಿಲು ತಟ್ಟುವವರು ಇಲ್ಲದ ಕಡೆಯಿಂದಲೇ ಜಾಸ್ತಿ. ಕೋಟೆ, ಟಾಕೀಸ್, ಶಾಲೆ. ಕ್ಲಸ್ಟರ್ ಅನ್ನುವ ಬ್ಯಾಂಡಿನ ಇಬ್ಬರು ವೇಸರ್ ನದಿ ದಡದ ಫೋರ್ಸ್ಟ್‌ನಲ್ಲಿ ಒಂದು ಹಳೇ ಮನೆ ಸೇರಿಕೊಂಡರು, ತಾವೇ ರಿಪೇರಿ ಮಾಡಿದರು, ಸೌದೆ ಒಡೆದರು. ರೋಟರ್ ಅಲ್ಲಿಗೇ ಹೋಗಿ ಸೇರಿ ಹಾರ್ಮೋನಿಯಾ ಬ್ಯಾಂಡ್ ಆಯಿತು. 1976ರಲ್ಲಿ ಬ್ರಿಟಿಷ್ ಸಂಗೀತಗಾರ ಬ್ರಯನ್ ಈನೋ ಈ ಮೂವರನ್ನು ಹುಡುಕಿಕೊಂಡು ಆ ಹಳ್ಳಿಗೆ ಹೋದರು. ನೊಯ್ ನಾಲ್ಕು ರಾತ್ರಿಯಲ್ಲಿ ಮುಗಿಸಿದ್ದು ನಿಜ. ಆದರೆ ಆ ನಾಲ್ಕೂ ರಾತ್ರಿ ಕಾನಿ ಪ್ಲ್ಯಾಂಕ್ ಇದ್ದರು.

ಇತಿಹಾಸ_ಮೇಷ್ಟ್ರು

ಆ ಕೊನೆಯ ವಾಕ್ಯ ಒಪ್ಪಿದೆ. ಅವರ 'ಮ್ಯೂಸಿಕ್ ಫಾನ್ ಹಾರ್ಮೋನಿಯಾ' ಆಲ್ಬಂ ಹಾಕಿಕೊಂಡು ಪೇಪರ್ ತಿದ್ದುತ್ತಿದ್ದೇನೆ.

ತುರುವೇಕೆರೆ_ಬೇಸ್

ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ. ಊರಿನಲ್ಲಿ ನಮ್ಮ ಮಾವನ ಕೊಬ್ಬರಿ ಶೆಡ್ಡು ಇದೆ. ಹತ್ತಿರ ಹತ್ತಿರ ಒಂದು ವರ್ಷ ಅಟ್ಟದಲ್ಲಿ ಇದ್ದ ಕಾಯಿ ಸುಲಿದು ತಿಪಟೂರು ಮಾರುಕಟ್ಟೆಗೆ ಹೋಯಿತು. ಅಟ್ಟ ಈಗ ಖಾಲಿ. ಮಾವ ಯುಗಾದಿ ತನಕ ಇಟ್ಟುಕೊಳ್ಳಿ ಅಂದರು. ನಾಲ್ಕೂ ಜನ ಶುಕ್ರವಾರ ರಾತ್ರಿ ಬಸ್ ಹತ್ತಿದೆವು. ತಗಡಿನ ಸೂರು, ಸದ್ದು ಸಿಕ್ಕಾಪಟ್ಟೆ ಗುಂಯ್‌ಗುಟ್ಟಿತು. ಮನೆಯ ಹಳೇ ಹತ್ತಿ ಹಾಸಿಗೆ, ಕಂಬಳಿ, ಸಿಪ್ಪೆ ತುಂಬಿದ ಮೂಟೆ ಎಲ್ಲ ಗೋಡೆಗೆ ಒರಗಿಸಿದೆವು. ಶನಿವಾರ ಸಂಜೆ ಆರಕ್ಕೆ ಒಂದು ಸಾಲು ಹಿಡಿದೆವು. ಯಾರೂ ಬಾಗಿಲು ತಟ್ಟಲಿಲ್ಲ. ಅಜ್ಜಿ ಮಾತ್ರ ಒಮ್ಮೆ ಕಾಫಿ ತಂದು ಮೆಟ್ಟಿಲ ಮೇಲಿಟ್ಟು ಹೋದರು, ನಾವು ನಿಲ್ಲಿಸಲಿಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡಿದ್ದು 41 ನಿಮಿಷ. ಹಾಕುತ್ತಿದ್ದೇನೆ. ಎಲ್ಲಿ ಕತ್ತರಿಸಬೇಕು ನೀವೇ ಹೇಳಿ.

ಮಿಕ್ಸಿಂಗ್_ಮೇಜು

ಕೇಳುತ್ತೇನೆ, ಆದರೆ ಮೊದಲು ಒಂದು ಮಾತು. ಸಿಪ್ಪೆ ಮೂಟೆಯನ್ನು ಆಂಪ್ ಹತ್ತಿರದಿಂದ ದೂರ ಸರಿಸಿ. ಒಣ ನಾರು, ಒಂದು ಕಿಡಿ ಸಾಕು. ಶೆಡ್ಡಿಗೆ ಅರ್ಥಿಂಗ್ ಸರಿಯಾಗಿದೆಯಾ ನೋಡಿಸಿ. ಮುಂದಿನ ಸಲ ಎರಡು ಮೈಕ್ ತಗೊಂಡು ಹೋಗಿ. ಒಂದು ಡ್ರಮ್ಮರ್ ತಲೆಯ ಮೇಲೆ, ಇನ್ನೊಂದು ಕೋಣೆಯ ನಡುವೆ. ಅಷ್ಟೇ ಸಾಕು.

ತನಿ_ಆವರ್ತನ

ಪೂರ್ತಿ ಕೇಳಿದೆ. 14ನೇ ನಿಮಿಷದ ತನಕ ನಾಲ್ಕು ಜನ ಬೇರೆ ಬೇರೆ ಕೇಳಿಸುತ್ತೀರಿ. ಆಮೇಲೆ ಕೂಡಿಕೊಳ್ಳುತ್ತದೆ. 26ರ ಹತ್ತಿರ ಖುಷಿಯಲ್ಲಿ ಡ್ರಮ್ಸ್ ಓಡಿತು, ನೀವೂ ಹಿಂದೆ ಓಡಿದಿರಿ. ನೀವು ನಿಂತಿದ್ದರೆ ಅವರು ವಾಪಸ್ ಬರುತ್ತಿದ್ದರು. ಈಗಲೇ ಕತ್ತರಿಸಬೇಡಿ. ಶನಿವಾರ ಮತ್ತೆ ಅದೇ ಸಾಲು ಹಿಡಿಯಿರಿ.